ನಮ್ಮೂರ ಟೀಚರ್ ನವೆಂಬರ್ 30ಕ್ಕೆ ರಿಟೈರ್ ಆಗುತ್ತಿದ್ದಾರೆ. ಹೇಗೆ ಕಳಿಸಿಕೊಡೋಣ? ಆಮೇಲೆ ಶಾಲೆ ಕಥೆ ಏನು?

ಹೇಮಾವತಿ ದಂಡೆ:
ಸಕಲೇಶಪುರ ತಾಲ್ಲೂಕಿನ ಸಣ್ಣ ಊರು ನಮ್ಮದು. ಊರಿನ ಹೆಸರು, ಟೀಚರ್ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ಇಷ್ಟ ಆಗುವುದಿಲ್ಲ. ಇಲ್ಲಿ ಓದಿದವರಿಗೆ ನಾಲ್ಕು ಸಾಲು ಓದಿದರೆ ಗೊತ್ತಾಗುತ್ತದೆ.

ಒಂದರಿಂದ ಐದರವರೆಗೆ ಇರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಟೀಚರ್ ಟಿಸಿಎಚ್ (ಶಿಕ್ಷಕರ ತರಬೇತಿ ಕೋರ್ಸ್) ಮುಗಿಸಿ 1994ರಲ್ಲಿ ಕೆಲಸಕ್ಕೆ ಸೇರಿದವರು. ಮೊದಲು ಅರಸೀಕೆರೆ ಕಡೆ ಇದ್ದರು, ಆಮೇಲೆ ಇಲ್ಲಿಗೆ ಬಂದವರು ಬೇರೆ ಕಡೆ ಹೋಗಲೇ ಇಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಹಾಸನದ ಹತ್ತಿರ ಸಿಗುವ ಅವಕಾಶ ಬಂದಿತ್ತು. ಅರ್ಜಿಯನ್ನೇ ಹಾಕಲಿಲ್ಲ. ಈಗ ಈ ಊರಿನಲ್ಲಿ ಮೂವತ್ತರ ಒಳಗಿನ ಯಾರನ್ನೇ ಕೇಳಿ, ಅಕ್ಷರ ಕಲಿತಿದ್ದು ಅವರ ಹತ್ತಿರವೇ.

ಮಳೆಗಾಲದಲ್ಲಿ ಪ್ರಾರ್ಥನೆಗೂ ಮುಂಚೆ ಅವರು ಮಾಡುತ್ತಿದ್ದ ಒಂದು ಕೆಲಸ ಇದೆ. ಬಾಗಿಲ ಹತ್ತಿರ ಬೆಂಚ್ ಹಾಕಿ ಒಬ್ಬೊಬ್ಬರನ್ನೇ ಕೂರಿಸಿ ಕಾಲು ನೋಡುತ್ತಿದ್ದರು. ಕೈಯಲ್ಲಿ ಬಟ್ಟೆಯ ಸಣ್ಣ ಗಂಟು, ಅದರೊಳಗೆ ಉಪ್ಪು. ಉಂಬಳ (ಜಿಗಣೆ) ಕಚ್ಚಿಕೊಂಡಿದ್ದರೆ ಅದರ ಮೇಲೆ ಆ ಗಂಟು ಒತ್ತುತ್ತಿದ್ದರು, ಉಂಬಳ ತಾನೇ ಬಿಟ್ಟು ಬೀಳುತ್ತಿತ್ತು. ಬೆರಳ ಸಂದಿ, ಹಿಮ್ಮಡಿ, ಮಂಡಿಯ ಹಿಂದೆ, ಎಲ್ಲಾ ನೋಡಿ ಆದ ಮೇಲೆ ಹಳೇ ಟವೆಲ್‌ನಲ್ಲಿ ಒರೆಸಿ ಒಳಗೆ ಬಿಡುತ್ತಿದ್ದರು. ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆಯ) ಹುಡುಗ ಅಂತಿಲ್ಲ, ತೋಟದ ಮಾಲೀಕರ ಹುಡುಗಿ ಅಂತಿಲ್ಲ, ಎಲ್ಲರ ಕಾಲನ್ನೂ ಅದೇ ಟವೆಲ್‌ನಲ್ಲಿ ಒರೆಸಿದರು.

ಈಗ ಕೇಳಬೇಕಾಗಿದ್ದು ಎರಡು ವಿಷಯ. ಬೀಳ್ಕೊಡುಗೆ ಹೇಗೆ ಮಾಡೋಣ? ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಶಾಲೆಗೆ ಮಂಜೂರಾದ ಹುದ್ದೆ ಎರಡು. ಇನ್ನೊಬ್ಬರು ವರ್ಗಾವಣೆ ಆಗಿ ಹೋದ ಮೇಲೆ ಆ ಜಾಗಕ್ಕೆ ಕಾಯಂ ಶಿಕ್ಷಕರು ಬಂದಿಲ್ಲ, ಅತಿಥಿ ಶಿಕ್ಷಕಿ ಇದ್ದಾರೆ. ಡಿಸೆಂಬರ್ 1ಕ್ಕೆ ಶಾಲೆಯಲ್ಲಿ ಕಾಯಂ ಶಿಕ್ಷಕರು ಒಬ್ಬರೂ ಇರುವುದಿಲ್ಲ. ಮಕ್ಕಳು 19. ಹೇಳಿ, ಏನು ಮಾಡೋಣ?

ಬೆಂಗಳೂರಲ್ಲಿರೋ ಸಕಲೇಶಪುರದವ:
ಹೆಸರು ಹಾಕದಿದ್ದರೂ ಉಪ್ಪಿನ ಗಂಟು ಅಂದ ತಕ್ಷಣ ಗೊತ್ತಾಯಿತು! ನಾನು 2003ರಲ್ಲಿ ಐದನೇ ಕ್ಲಾಸ್ ಮುಗಿಸಿದವನು.

ದಯವಿಟ್ಟು ಸಣ್ಣದಾಗಿ ಮಾಡಬೇಡಿ. ಬೆಂಗಳೂರಿನಲ್ಲಿ ನಮ್ಮ ಬ್ಯಾಚಿನ ಹಿಂದೆ ಮುಂದಿನವರು ತುಂಬಾ ಜನ ಇದ್ದೇವೆ. ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡೋಣ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಒಂದು ಚಿನ್ನದ ಉಂಗುರ. ಊಟಕ್ಕೆ ಇಡೀ ಊರನ್ನು ಕರೆಯೋಣ. ಖರ್ಚು ನಾವು ನೋಡಿಕೊಳ್ಳುತ್ತೇವೆ. ಅಷ್ಟು ವರ್ಷ ದುಡಿದವರನ್ನು ಒಂದು ಹಾರ ಹಾಕಿ ಕಳಿಸಿದರೆ ನಮಗೇ ಸಮಾಧಾನ ಆಗುವುದಿಲ್ಲ.

ನಾವು ಐದನೇ ಕ್ಲಾಸಿನಲ್ಲಿದ್ದಾಗ ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋಗಿದ್ದರು. ಮೇಲೆ ಹತ್ತಿ ಗೋಡೆಯ ಮೇಲಿಂದ ನೋಡಿ ಅಂದರು. ಎಷ್ಟು ಮೂಲೆ ಇದೆ ಎಣಿಸಿ ಅಂದರು. ಒಬ್ಬರು ಆರು ಅಂದರು, ಒಬ್ಬರು ಹತ್ತು ಅಂದರು. ಟೀಚರ್ ಸರಿ ತಪ್ಪು ಏನೂ ಹೇಳಲಿಲ್ಲ. ಗೋಡೆ ಹಿಡಿದು ಪೂರ್ತಿ ಸುತ್ತು ಬರಿಸಿದರು, ಒಂದೊಂದು ಮೂಲೆಯಲ್ಲೂ ಒಬ್ಬೊಬ್ಬರನ್ನು ನಿಲ್ಲಿಸಿದರು. ಎಂಟು ಜನ ನಿಂತೆವು. ಮಾರನೇ ದಿನ ಸ್ಲೇಟಿನ ಮೇಲೆ ಎಂಟು ಮೂಲೆಯ ನಕ್ಷತ್ರ ಬರೆಸಿದರು. ನಾನು ಇವತ್ತು ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲಿದ್ದೇನೆ. ಅಳತೆ ಅನ್ನುವುದು ನನ್ನ ತಲೆಗೆ ಮೊದಲು ಹೋಗಿದ್ದು ಆ ಗೋಡೆಯ ಮೇಲೆ.

ಕಡೂರು ಕಡೆಯ ಮೇಷ್ಟ್ರು:
ನಾನೂ ಪ್ರಾಥಮಿಕ ಶಾಲೆಯಲ್ಲಿದ್ದು ರಿಟೈರ್ ಆದವನು. ಸಂತೋಷವಾಯಿತು ಓದಿ. ಮೆರವಣಿಗೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ಒಂದಿಬ್ಬರು ಅವರ ಮನೆಗೆ ಹೋಗಿ ಪಿಂಚಣಿ ಕಾಗದ ಪತ್ರ ಎಲ್ಲಿಗೆ ಬಂದಿದೆ ಅಂತ ಕೇಳಿ. ಟೀಚರ್‌ಗಳು ಊರಿನ ಎಲ್ಲರ ಅರ್ಜಿ ಬರೆದುಕೊಡುತ್ತಾರೆ, ತಮ್ಮದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

1994ರಲ್ಲಿ ಸೇರಿದವರು ಅಂದರೆ ಹಳೇ ಪಿಂಚಣಿಗೆ ಬರುತ್ತಾರೆ. ನಮ್ಮ ರಾಜ್ಯದಲ್ಲಿ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಇರುವುದು 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ. ಪೂರ್ಣ ಸೇವೆ ಇದ್ದರೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ಅದರಲ್ಲಿ ಮೂರನೇ ಒಂದು ಭಾಗದವರೆಗೆ ಪರಿವರ್ತನೆ ಮಾಡಿಸಿಕೊಂಡು ಒಟ್ಟಿಗೆ ದುಡ್ಡು ತೆಗೆದುಕೊಳ್ಳಬಹುದು. ಗ್ರಾಚ್ಯುಟಿ ಇದೆ. ಜಿಪಿಎಫ್ (ಭವಿಷ್ಯ ನಿಧಿ) ಇದೆ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಇದೆ. ಗಳಿಕೆ ರಜೆ ಉಳಿದಿದ್ದರೆ 300 ದಿನದವರೆಗೆ ನಗದು ಸಿಗುತ್ತದೆ. ಆದರೆ ನಮಗೆ ಬೇಸಿಗೆ, ದಸರಾ ರಜೆ ಇದೆ ಅಂತ ಗಳಿಕೆ ರಜೆ ಸೇರುವುದೇ ಕಡಿಮೆ. ಹಾಗಾಗಿ ರಜೆಯಲ್ಲಿ ಎಲೆಕ್ಷನ್, ಗಣತಿ, ಸಮೀಕ್ಷೆ ಮಾಡಿದ್ದರೆ ಅದನ್ನು ಸೇವಾ ಪುಸ್ತಕದಲ್ಲಿ ಸೇರಿಸಿದ್ದಾರಾ ಅಂತ ಒಂದೊಂದೇ ಸಾಲು ನೋಡಬೇಕು.

ನನ್ನದು ಹೇಳುತ್ತೇನೆ. ನನ್ನ ಸೇವಾ ಪುಸ್ತಕದಲ್ಲಿ ಎರಡು ವರ್ಷದ ವೇತನ ಬಡ್ತಿ ನಮೂದೇ ಆಗಿರಲಿಲ್ಲ. ಒಂದು ಕಡೆ ಇನಿಷಿಯಲ್ ಬೇರೆ ಇತ್ತು. ರಿಟೈರ್ ಆದ ಮೇಲೆ ಅದು ಗೊತ್ತಾಗಿ ಬೆಂಗಳೂರಿನ ಎಜಿ (ಮಹಾಲೇಖಪಾಲರ) ಆಫೀಸಿಗೆ ಕಡತ ಹೋಗುವುದೇ ತಡವಾಯಿತು. ಮೊದಲ ಪಿಂಚಣಿ ಬರುವ ಹೊತ್ತಿಗೆ ಮಗಳ ಮದುವೆಗೆ ಮಾಡಿದ್ದ ಸಾಲಕ್ಕೆ ಬಡ್ಡಿ ಬೆಳೆದಿತ್ತು.

ಇನ್ನೊಂದು, ಅವರು ಪ್ರಭಾರ ಮುಖ್ಯ ಶಿಕ್ಷಕಿ ಕೂಡ ಆಗಿರಬೇಕು, ಅಲ್ವಾ? ಹಾಗಾದರೆ ಚಾರ್ಜ್ ಕೊಡುವುದೇ ದೊಡ್ಡ ಕೆಲಸ. ದಾಖಲಾತಿ ರಿಜಿಸ್ಟರ್, ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ಹಾಲಿನ ಪುಡಿ, ಗ್ಯಾಸ್ ಸಿಲಿಂಡರ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆ, ಬೆಂಚು, ಬೀರು, ಚಮಚದವರೆಗೆ. ಎಲ್ಲಾ ತಾಳೆ ಆದ ಮೇಲೆ ಬೇಬಾಕಿ ಪತ್ರ (ಬಾಕಿ ಏನೂ ಇಲ್ಲ ಅನ್ನುವ ಪತ್ರ) ಸಿಗುತ್ತದೆ. ಊರಿನ ಓದಿದ ಹುಡುಗರು ಎರಡು ದಿನ ಕೂತು ಪಟ್ಟಿ ಮಾಡಿಕೊಟ್ಟರೆ ಉಂಗುರಕ್ಕಿಂತ ಅದು ಅವರಿಗೆ ಜಾಸ್ತಿ ಉಪಕಾರ.

ಹೇಮಾವತಿ ದಂಡೆ:
ಮೇಷ್ಟ್ರೇ, ಕೈ ಮುಗಿದೆ. ಇದನ್ನು ನಾವು ಯೋಚನೆಯೇ ಮಾಡಿರಲಿಲ್ಲ. ನಾಳೆಯೇ ಹೋಗಿ ಕೇಳುತ್ತೇನೆ. ಈ ದಸರಾ ರಜೆಯಲ್ಲೂ ಅವರು ಮನೆಯಲ್ಲಿ ಇರಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಗೆ ತೋಟದ ಮನೆ ಮನೆ ಸುತ್ತಿದರು. ನೆಟ್‌ವರ್ಕ್ ಸಿಗದ ಮನೆಗಳಿಗೆ ಮತ್ತೆ ಮತ್ತೆ ಹೋದರು. ಮಂಡಿ ನೋವು ಬೇರೆ.

ಲೈನ್ ಮನೆಯ ತಾಯಿ:
ನಾನು ಈ ಶಾಲೆಯಲ್ಲೇ ಓದಿದವಳು. ನನ್ನ ಮಗಳು ಈಗ ಮೂರನೇ ಕ್ಲಾಸ್, ಇದೇ ಶಾಲೆ. ಬೀಳ್ಕೊಡುಗೆ ವಿಷಯ ನೀವೆಲ್ಲ ಮಾತಾಡಿ. ನಾನು ಡಿಸೆಂಬರ್ ವಿಷಯ ಹೇಳುತ್ತೇನೆ.

ಡಿಸೆಂಬರ್ ಅಂದರೆ ಕಾಫಿ ಕುಯ್ಲು. ಬೆಳಿಗ್ಗೆ ನಾವು ಗಂಡ ಹೆಂಡತಿ ಇಬ್ಬರೂ ತೋಟಕ್ಕೆ ಹೋಗುತ್ತೇವೆ. ಶಾಲೆ ಬಾಗಿಲು ತೆಗೆಯದೆ ಹೋದರೆ ಮಕ್ಕಳು ನಮ್ಮ ಹಿಂದೆ ತೋಟಕ್ಕೇ ಬರುತ್ತವೆ. ಗಿಡದ ಬುಡದಲ್ಲಿ ಉದುರಿದ ಹಣ್ಣು ಆರಿಸುತ್ತಾ ಕೂರುತ್ತವೆ. ಮೊದಲ ವಾರ ಆಟ. ಆಮೇಲೆ ಅದೇ ಅಭ್ಯಾಸ ಆಗುತ್ತದೆ. ನಾನು ಚಿಕ್ಕವಳಿದ್ದಾಗ ನನ್ನ ಅಕ್ಕ ಹಾಗೇ ಶಾಲೆ ಬಿಟ್ಟಳು. ನನ್ನನ್ನು ಬಿಡಿಸಲು ಹೊರಟಾಗ ಟೀಚರ್ ತೋಟಕ್ಕೇ ಬಂದು ಅವ್ವನ ಎದುರು ನಿಂತರು. "ಇವಳ ಕೈಲಿ ಎಷ್ಟು ಕೆಜಿ ಆಗುತ್ತೆ ಹೇಳು, ಆ ದುಡ್ಡು ನಾನು ಕೊಡ್ತೀನಿ, ಇವಳನ್ನು ಕಳಿಸು" ಅಂದರು. ಅವ್ವ ದುಡ್ಡು ತೆಗೆದುಕೊಳ್ಳಲಿಲ್ಲ, ನನ್ನನ್ನು ಕಳಿಸಿದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದೆ. ಇದನ್ನು ಇಲ್ಲಿ ಬರೆಯಲು ಬಂದಿದ್ದು ಅದರಿಂದ.

ಕೊರೋನಾ ಬಂದಾಗಲೂ ಅಷ್ಟೇ. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲೇ ಹೋಗಿ ಪಾಠ ಮಾಡುವ ವಿದ್ಯಾಗಮ ಅಂತ ಮಾಡಿದರಲ್ಲ, ಟೀಚರ್ ನಮ್ಮ ಲೈನ್ ಮುಂದಿನ ಕಣಕ್ಕೇ ಬಂದು ಪಾಠ ಮಾಡಿದರು. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಒಂದೊಂದು ಚೌಕದಲ್ಲಿ ಒಂದೊಂದು ಮಗು. ಮಳೆ ಬಂದರೆ ಗೋಡೌನ್ ಜಗಲಿ. ಅಕ್ಟೋಬರ್‌ನಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಟೀಚರ್ ಮಾತ್ರ ದಾರಿಯಲ್ಲಿ ಮಕ್ಕಳು ಸಿಕ್ಕರೆ ನಿಲ್ಲಿಸಿ ಮಗ್ಗಿ ಕೇಳುತ್ತಿದ್ದರು.

ಹಾಗಾಗಿ ನನಗೆ ಬೇಕಾಗಿದ್ದು ಒಂದೇ. ಡಿಸೆಂಬರ್ 1 ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವವರು ಯಾರು, ಅದನ್ನು ಯಾರಾದರೂ ಹೇಳಿ.

ಹಾಸನ ಪೇಟೆ:
ಈ ತಾಯಿ ಬರೆದಿದ್ದನ್ನು ಎಲ್ಲರೂ ಎರಡು ಸಲ ಓದಬೇಕು.

2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ನೆನಪಿದೆಯಾ? ಹೈಸ್ಕೂಲಿನವರಿಗೆ, ಅಧಿಕಾರಿಗಳಿಗೆ ಎಲ್ಲಾ ಕಡೆ ಸನ್ಮಾನ ಆಯಿತು. ಅದು ಸರಿಯೇ. ಆದರೆ ಆ ಮಕ್ಕಳಿಗೆ ಹತ್ತು ವರ್ಷದ ಹಿಂದೆ ಒತ್ತಕ್ಷರ, ಕಳೆಯುವ ಲೆಕ್ಕ ಕಲಿಸಿದ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್ ಹೆಸರನ್ನು ವೇದಿಕೆಯ ಮೇಲೆ ಯಾರೂ ಕರೆದಿದ್ದು ನಾನು ನೋಡಲಿಲ್ಲ. ಓದುವುದಕ್ಕೇ ಬರದ ಮಗುವಿಗೆ ಹತ್ತನೇ ಕ್ಲಾಸಿನಲ್ಲಿ ವಿಶೇಷ ತರಗತಿ ಮಾಡಿ ಏನು ಪ್ರಯೋಜನ?

ಮೆರವಣಿಗೆ ಮಾಡಿ. ಆದರೆ ಅದೇ ದಿನ ಹುದ್ದೆ ತುಂಬಿಸಿ ಅಂತ ಅರ್ಜಿಯೂ ಹೋಗಲಿ.

ಬೆಂಗಳೂರಲ್ಲಿರೋ ಸಕಲೇಶಪುರದವ:
ನನಗೊಂದು ದಾರಿ ಕಾಣುತ್ತಿದೆ. ಟೀಚರ್ ಊರಿನಲ್ಲೇ ಇರುತ್ತಾರಲ್ಲ? ರಿಟೈರ್ ಆದ ಮೇಲೂ ಮಾರ್ಚ್‌ವರೆಗೆ ಅವರೇ ಬಂದು ಪಾಠ ಮಾಡಲಿ. ನಾವು ಹಳೇ ವಿದ್ಯಾರ್ಥಿಗಳು ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ಮಕ್ಕಳಿಗೂ ಗೊತ್ತಿರುವವರು. ಅವರಿಗೂ ಮನೆಯಲ್ಲಿ ಕೂರಲು ಬೇಜಾರಾಗುತ್ತದೆ.

ಕಡೂರು ಕಡೆಯ ಮೇಷ್ಟ್ರು:
ತಮ್ಮಾ, ಇದನ್ನು ಅವರ ಮುಂದೆ ಕೇಳಬೇಡ. ಕೇಳಿದರೆ ಅವರು ಇಲ್ಲ ಅನ್ನುವುದಿಲ್ಲ. ಅದಕ್ಕೇ ಕೇಳಬಾರದು.

ಅರವತ್ತು ವರ್ಷ ಆಗಿದೆ. ಮಂಡಿ ನೋವು ಅಂತ ಮೇಲೆ ಬರೆದಿದ್ದಾರೆ. ಮೂವತ್ತು ವರ್ಷ ಮಕ್ಕಳ ಜೊತೆ ನಿಂತು ಪಾಠ ಮಾಡಿದ ಕಾಲು ಅದು. ಒಳ್ಳೆಯ ಟೀಚರ್ ಸಿಕ್ಕಿದರು ಅಂತ ಅವರ ಕೈಯಲ್ಲೇ ಕೊನೆವರೆಗೂ ದುಡಿಸುವುದು ಪ್ರೀತಿ ಅಲ್ಲ. ಅವರು ಬಿಟ್ಟಿಯಾಗಿ ಬಂದರೆ ಮೇಲಿನವರೂ "ಅಲ್ಲಿ ನಡೀತಿದೆಯಲ್ಲ" ಅಂತ ಸುಮ್ಮನಾಗುತ್ತಾರೆ. ಖಾಲಿ ಹುದ್ದೆ ಖಾಲಿಯೇ ಉಳಿಯುತ್ತದೆ.

ಕಾನೂನು ನಿಮ್ಮ ಕಡೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದರವರೆಗಿನ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅಂತ ಸ್ಪಷ್ಟವಾಗಿ ಬರೆದಿದೆ. 19 ಮಕ್ಕಳು ಇದ್ದರೂ ಇಬ್ಬರೇ. ಇಷ್ಟು ಕಡಿಮೆ ಮಕ್ಕಳಿಗೆ ಯಾಕೆ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುವುದೂ ನಮ್ಮ ರಾಜ್ಯದ ನಿಯಮದಲ್ಲಿದೆ. ನಿಮ್ಮ ಕಡೆ ಆನೆ ಓಡಾಡುವ ದಾರಿಯಲ್ಲಿ ಒಂದು ಕಿಲೋಮೀಟರ್ ಕೂಡ ಜಾಸ್ತಿಯೇ.

ಮಲೆನಾಡ ಅತಿಥಿ:
ಮೇಲೆ ಹೇಳಿರುವ ಅತಿಥಿ ಶಿಕ್ಷಕಿ ನಾನೇ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಬಿ.ಎಡ್ ಮಾಡಿಕೊಂಡು ಬಂದಾಗ ನನಗೆ ಪಾಠ ಮಾಡುವುದು ಗೊತ್ತಿದೆ ಅನ್ನುವ ಧೈರ್ಯ ಇತ್ತು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿದಾಗ ಆ ಧೈರ್ಯ ಹೋಯಿತು. ನಲಿಕಲಿ (ಗುಂಪು, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ) ಹೇಗೆ ನಡೆಸುವುದು ಅಂತ ಟೀಚರ್ ಕೈ ಹಿಡಿದು ಕಲಿಸಿದರು.

ಹೊರಗಿನಿಂದ ನೋಡಿದವರಿಗೆ ಅದು ಗಲಾಟೆ ಥರ ಕಾಣುತ್ತದೆ. ಐದು ಗುಂಪು, ಗುಂಪಿನ ಗುರುತಿಗೆ ಒಂದೊಂದು ತಟ್ಟೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗೆ ಕೂರಬೇಕು. ಇನ್ನೊಂದಕ್ಕೆ ಸ್ವಲ್ಪ ಸಹಾಯ ಸಾಕು. ಎರಡು ಗುಂಪಿಗೆ ಗೆಳೆಯರೇ ಹೇಳಿಕೊಡುತ್ತಾರೆ. ಐದನೆಯದು ತಾವೇ ಕಲಿಯುವವರು. ಮಗು ಕಾರ್ಡ್ ಮುಗಿಸಿದ ಹಾಗೆ ಕಲಿಕೆಯ ಮೆಟ್ಟಿಲುಗಳ ಏಣಿಯಲ್ಲಿ ಮುಂದೆ ಹೋಗುತ್ತದೆ, ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಹತ್ತು ದಿನ ಜ್ವರ ಬಂದು ಮಲಗಿದ ಮಗು ವಾಪಸ್ ಬಂದರೆ ಬಿಟ್ಟ ಕಾರ್ಡಿನಿಂದಲೇ ಶುರು. ಕುಯ್ಲು ಸಮಯದಲ್ಲಿ ಬಿಟ್ಟು ಬಿಟ್ಟು ಬರುವ ಮಕ್ಕಳಿಗೆ ಇದರಷ್ಟು ಹೊಂದುವ ಪದ್ಧತಿ ಬೇರೆ ಇಲ್ಲ.

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ, 2009-10ರಲ್ಲಿ ಇಡೀ ರಾಜ್ಯಕ್ಕೆ ಬಂದ ಪದ್ಧತಿ ಇದು. ಆಗ ಎಷ್ಟೋ ಹಳೇ ಟೀಚರ್‌ಗಳು ಗೊಣಗಿದರಂತೆ. ಇವರು ತರಬೇತಿಯಿಂದ ಬಂದವರೇ ಗೋಡೆಗೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿಸಿದರು, ಹಗ್ಗ ಕಟ್ಟಿ ಮಕ್ಕಳ ಕೆಲಸ ತೂಗುಹಾಕುವ ಕಲಿಕಾ ಚಪ್ಪರ ಮಾಡಿದರು ಅಂತ ಅಡುಗೆಯಕ್ಕ ಹೇಳುತ್ತಾರೆ.

ಈಗ ಎರಡು ವರ್ಷದಿಂದ ಅಸ್ಸಾಂನಿಂದ ಬಂದ ಕೂಲಿಯವರ ಮಕ್ಕಳು ನಾಲ್ಕು ಜನ ಇದ್ದಾರೆ. ಹುಟ್ಟಿದ ದಿನಾಂಕದ ಕಾಗದ ಇಲ್ಲ ಅಂತ ತಂದೆ ಹೆದರಿಕೊಂಡು ನಿಂತಿದ್ದರು. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ ಅಂತ ಟೀಚರ್ ಅಲ್ಲೇ ಸೇರಿಸಿಕೊಂಡರು. ಅದರಲ್ಲಿ ಒಬ್ಬ ಹುಡುಗನಿಗೆ ಕನ್ನಡ ಒಂದು ಮಾತೂ ಬರುತ್ತಿರಲಿಲ್ಲ. ನಲಿಕಲಿಯಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ, ರ ಗ ಸ ದ ಅ ಅಂತ ಶುರು. ಈ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಅಂತ ಓದಬಹುದು. ಅವನ ಅಪ್ಪ ಮರ ಕಪಾತು ಮಾಡುವ ಕೆಲಸ. ಟೀಚರ್ ಅವನ ಕೈಗೆ ಗರಗಸದ ಚಿತ್ರದ ಕಾರ್ಡ್ ಕೊಟ್ಟರು. ಅವನು ಚಿತ್ರ ನೋಡಿದ, ಕೈಯಲ್ಲಿ ಕೊಯ್ಯುವ ಹಾಗೆ ಮಾಡಿ ತೋರಿಸಿದ. ಟೀಚರ್ ಅಕ್ಷರದ ಕೆಳಗೆ ಬೆರಳಿಟ್ಟು ಗ, ರ, ಗ, ಸ ಅಂದರು. ಅವನೂ ಅಂದ. ಸಂಜೆ ಅವನಪ್ಪ ಬಂದಾಗ ಬೋರ್ಡಿನ ಹತ್ತಿರ ಎಳೆದುಕೊಂಡು ಹೋಗಿ ಅದನ್ನೇ ಓದಿ ತೋರಿಸಿದ. ಈಗ ಅವನು ಊರಿನ ಹುಡುಗರ ಜೊತೆ ಕನ್ನಡದಲ್ಲೇ ಜಗಳ ಆಡುತ್ತಾನೆ.

ಡಿಸೆಂಬರ್ 1ರ ಬಾಗಿಲು ನಾನು ತೆಗೆಯುತ್ತೇನೆ. ತಾಯಂದಿರು ಹೆದರಬೇಡಿ. ಆದರೆ ಸತ್ಯ ಹೇಳುತ್ತೇನೆ, ನನ್ನೊಬ್ಬಳಿಂದ ಆಗುವುದಿಲ್ಲ. ಐದು ಕ್ಲಾಸು, ಬಿಸಿಯೂಟದ ಲೆಕ್ಕ, ಹಾಲು, ಆನ್‌ಲೈನ್ ಎಂಟ್ರಿ, ಮೀಟಿಂಗ್. ಅತಿಥಿ ಶಿಕ್ಷಕರಿಗೆ ಗೌರವಧನ ತಿಂಗಳು ತಿಂಗಳು ಸರಿಯಾಗಿ ಬರುವುದೂ ಇಲ್ಲ. ದಯವಿಟ್ಟು ಇನ್ನೊಬ್ಬರನ್ನು ತರಿಸುವ ಕೆಲಸ ಮಾಡಿ.

ಲೈನ್ ಮನೆಯ ತಾಯಿ:
ಮಿಸ್, ನೀವು ಇಲ್ಲಿ ಇದ್ದೀರಾ! ನಿಮ್ಮ ಮಾತು ಓದಿ ಎದೆ ಹಗುರ ಆಯಿತು. ಅರ್ಜಿಗೆ ನಮ್ಮ ಲೈನಿನ ಎಲ್ಲರ ಸಹಿ ಹಾಕಿಸುತ್ತೇನೆ.

ಕೊಪ್ಪದ ಅಡಿಕೆ ತೋಟ:
ನಮ್ಮ ಕಡೆಯ ಒಂದು ಶಾಲೆಯಲ್ಲಿ ನಡೆದಿದ್ದು ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು. ಅಲ್ಲಿ ಮೇಷ್ಟ್ರು ರಿಟೈರ್ ಆದ ದಿನ ಭರ್ಜರಿ ಕಾರ್ಯಕ್ರಮ ಆಯಿತು. ಊಟ, ಭಾಷಣ, ಯಕ್ಷಗಾನ. ಮುಂದಿನ ವಾರದಿಂದ ಪಕ್ಕದ ಶಾಲೆಯ ಟೀಚರ್‌ಗೆ ವಾರಕ್ಕೆ ಮೂರು ದಿನ ನಿಯೋಜನೆ ಹಾಕಿದರು. ಉಳಿದ ದಿನ ಅಡುಗೆಯವರೇ ಮಕ್ಕಳನ್ನು ನೋಡಿಕೊಂಡರು. ಜನವರಿ ಹೊತ್ತಿಗೆ ತಂದೆ ತಾಯಂದಿರಿಗೆ ನಂಬಿಕೆ ಹೋಯಿತು. ಜೂನ್‌ನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಊರಿನ ಅರಳಿಕಟ್ಟೆಯವರೆಗೆ ಬಂತು. ದಾಖಲಾತಿ ಕೆಳಗೆ ಬಿತ್ತು. ಈಗ ಆ ಕಟ್ಟಡಕ್ಕೆ ಬೀಗ.

ಇದು ಯಾಕೆ ಆಗುತ್ತದೆ ಅಂದರೆ ರಿಟೈರ್‌ಮೆಂಟ್ ವರ್ಷದ ಮಧ್ಯೆ ಬರುತ್ತದೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಅಂತ ನಿಯಮ. ಕಾಯಂ ಶಿಕ್ಷಕರು ವರ್ಗಾವಣೆಯಲ್ಲೋ ಹೊಸ ನೇಮಕಾತಿಯಲ್ಲೋ ಬರಬೇಕು, ಅದು ನಡೆದಾಗ ನಡೆಯುತ್ತದೆ. ನಡುವಿನ ತಿಂಗಳುಗಳಲ್ಲಿ ಶಾಲೆ ಸಾಯುತ್ತದೆ. ನೀವು ಆ ತಿಂಗಳುಗಳನ್ನು ಉಳಿಸಿಕೊಳ್ಳಿ. ಎರಡನೇ ಹುದ್ದೆಗೂ ಅತಿಥಿ ಶಿಕ್ಷಕರು ಬೇಕು ಅಂತ ಎಸ್‌ಡಿಎಂಸಿ ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಈಗಲೇ ಕೊಡಿ. ಅಕ್ಟೋಬರ್ ಇದೆ, ಸಮಯ ಇದೆ. ರಿಟೈರ್ ಆದ ಮೇಲೆ ಓಡಾಡಿದರೆ ತಡ. ಅರ್ಹತೆ ಇರುವ ಹತ್ತಿರದ ಊರಿನವರನ್ನು ನೀವೇ ಹುಡುಕಿ ಹೆಸರು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಕಡೂರು ಕಡೆಯ ಮೇಷ್ಟ್ರು:
ಸರಿಯಾಗಿ ಹೇಳಿದಿರಿ. ನಮ್ಮ ಕಾಲದ ಎಷ್ಟೋ ಟೀಚರ್‌ಗಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಅಂತಲೇ ಹುಟ್ಟಿದ ದಿನ ಬರೆಸಿದ್ದಾರೆ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿ, ಅಂದರೆ ಮೇ 31. ಆಗ ರಜೆ, ಮಕ್ಕಳಿಗೆ ಅಷ್ಟು ಪೆಟ್ಟಾಗುವುದಿಲ್ಲ. ನಿಮ್ಮ ಟೀಚರ್ ತಂದೆ ನಿಜವಾದ ತಾರೀಖೇ ಬರೆಸಿದ್ದಾರೆ ಅಂತ ಕಾಣುತ್ತದೆ.

ಹೇಮಾವತಿ ದಂಡೆ:
ಇವತ್ತು ಟೀಚರ್ ಮನೆಗೆ ಹೋಗಿದ್ದೆ. ಮೇಷ್ಟ್ರು ಹೇಳಿದ್ದೇ ನಿಜ. ಪಿಂಚಣಿ ಫಾರಂ ಅರ್ಧ ತುಂಬಿ ಟ್ರಂಕಿನ ಮೇಲೆ ಇಟ್ಟಿದ್ದರು. ಅದರ ಪಕ್ಕದಲ್ಲಿ ಎರಡನೇ ಕ್ಲಾಸಿನವರ ಕಾಪಿ ಪುಸ್ತಕಗಳು, ಎಲ್ಲಾ ತಿದ್ದಿ ಮುಗಿದಿದ್ದವು. ಶನಿವಾರ ನಾನು ಮತ್ತು ನಮ್ಮ ಪಂಚಾಯಿತಿಯ ಒಬ್ಬರು ಅವರ ಜೊತೆ ಹೋಗಿ ಸೇವಾ ಪುಸ್ತಕ ಪೂರ್ತಿ ನೋಡಿಸುತ್ತೇವೆ.

ಕಾರ್ಯಕ್ರಮದ ಮಾತು ತೆಗೆದೆ. ಜೀಪು, ಪೇಟ ಅಂದೆ. ನಕ್ಕರು. ಬೇಡ ಅಂತಲೂ ಅನ್ನಲಿಲ್ಲ. ಆಮೇಲೆ ಕೇಳಿದ್ದು ಇಷ್ಟು: "ಡಿಸೆಂಬರಲ್ಲಿ ಮೂರನೇ ಕ್ಲಾಸಿನವರಿಗೆ ಭಾಗಾಕಾರ ಗಟ್ಟಿ ಮಾಡಿಸಬೇಕು. ಆ ಮಿಸ್ ಒಬ್ಬಳೇ ಒಂದನೇ ಕ್ಲಾಸಿನವರನ್ನು ಬಿಟ್ಟು ಅದು ಹೇಗೆ ಮಾಡ್ತಾಳೆ? ಇನ್ನೊಬ್ಬರು ಬರ್ತಾರಾ?" ನಾನು ಬರ್ತಾರೆ ಅಂದುಬಿಟ್ಟೆ. ಈಗ ಬರುವ ಹಾಗೆ ಮಾಡಬೇಕು.

ಇನ್ನೊಂದು ವಿಷಯ. ಊರಿನ ಹೆಂಗಸರು ಮಡಿಲಕ್ಕಿ ಕೊಡಬೇಕು ಅಂತಿದ್ದಾರೆ. ಟೀಚರ್ ಯಜಮಾನರು ತೀರಿಕೊಂಡು ಕೆಲವು ವರ್ಷ ಆಯಿತು. ಹಾಗಾಗಿ ಒಂದಿಬ್ಬರು ಹಿರಿಯರು ಬೇಡವೇನೋ ಅಂತ ಹಿಂಜರಿಯುತ್ತಿದ್ದಾರೆ. ಸೀರೆ ಕೊಟ್ಟರೆ ಸಾಕು ಅಂತಾರೆ.

ಆಲೂರು ಅಜ್ಜಿ:
ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ. ನನಗೆ ಎಪ್ಪತ್ತೆರಡು ವರ್ಷ. ನನ್ನ ಯಜಮಾನರೂ ಇಲ್ಲ.

ಮಡಿಲಕ್ಕಿ ಮನೆ ಮಗಳಿಗೆ ಕೊಡುವುದು. ಮಗಳು ಊರು ಬಿಟ್ಟು ಹೋಗುವಾಗ ಬರಿ ಮಡಿಲಲ್ಲಿ ಕಳಿಸಬಾರದು ಅಂತ ಕೊಡುವುದು. ಗಂಡ ಸತ್ತ ಅಂತ ಮಗಳು ಮಗಳಲ್ಲ ಅಂತ ಆಗುತ್ತಾಳಾ? ಆಕೆ ನಿಮ್ಮ ಊರಿನ ಮಕ್ಕಳ ಕಾಲು ಒರೆಸಿದ್ದಾಳೆ. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಕುಪ್ಪಸದ ಬಟ್ಟೆ, ಒಂದೂ ಬಿಡದ ಹಾಗೆ ಇಟ್ಟು ಕೊಡಿ. ಯಾರೂ ಮುಂದೆ ಬರದಿದ್ದರೆ ನಾನು ಆಲೂರಿನಿಂದ ಬಂದು ಕೊಡುತ್ತೇನೆ.

ಲೈನ್ ಮನೆಯ ತಾಯಿ:
ಅಜ್ಜಿ, ನೀವು ಬನ್ನಿ. ನೀವೇ ಮೊದಲು ಕೊಡಿ, ನಿಮ್ಮ ಹಿಂದೆ ನಾವೆಲ್ಲ ಕೊಡುತ್ತೇವೆ. ನಮ್ಮ ಲೈನಿನಲ್ಲಿ ಒಂದೊಂದು ಮನೆಯಿಂದ ಒಂದೊಂದು ಪಾವು ಅಕ್ಕಿ ಕೂಡಿಸುತ್ತಿದ್ದೇವೆ. ಅಸ್ಸಾಂನವರ ಮನೆಯಿಂದಲೂ ಬಂತು.

ಹಾಸನ ಪೇಟೆ:
ಅಜ್ಜಿಯ ಮಾತೇ ಸರಿ. ಹಿಂಜರಿಯುವವರಿಗೆ ಇದನ್ನೇ ಓದಿ ಹೇಳಿ.

ಬೆಂಗಳೂರಲ್ಲಿರೋ ಸಕಲೇಶಪುರದವ:
ಎಲ್ಲಾ ಓದಿದೆ. ನಮ್ಮ ಗುಂಪಿನಲ್ಲಿ ರಾತ್ರಿ ಮಾತಾಡಿದೆವು. ಮೇಷ್ಟ್ರು ಹೇಳಿದ ಹಾಗೆ ಟೀಚರ್‌ಗೆ ಮತ್ತೆ ಬನ್ನಿ ಅಂತ ಕೇಳುವುದಿಲ್ಲ. ಅವರಿಗೇ ಮನಸ್ಸು ಬಂದು ಯಾವತ್ತಾದರೂ ಮಕ್ಕಳನ್ನು ನೋಡಲು ಬಂದರೆ ಅದು ಅವರ ಇಷ್ಟ.

ಉಂಗುರ ಇರಲಿ, ಅದನ್ನು ಬಿಡಲು ಯಾರೂ ಒಪ್ಪುತ್ತಿಲ್ಲ. ಜೀಪು ಬೇಡ ಅಂತ ತೀರ್ಮಾನ ಆಯಿತು, ಡಿಜೆ ಅಂತೂ ಬೇಡವೇ ಬೇಡ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ನಿಧಿ ಮಾಡುತ್ತೇವೆ. ಸರ್ಕಾರದಿಂದ ಗೌರವಧನ ತಡವಾದ ತಿಂಗಳು ಅತಿಥಿ ಶಿಕ್ಷಕರಿಗೆ ಅದರಿಂದ ಮುಂಗಡ ಕೊಡುವುದು, ಬಂದ ಮೇಲೆ ಅವರು ವಾಪಸ್ ಹಾಕುವುದು. ಇನ್ನೊಂದು, ದೂರದ ಮನೆಯ ಮಕ್ಕಳಿಗೆ ಆನೆ ಇರುವ ದಿನ ಬೆಳಿಗ್ಗೆ ಸಂಜೆ ಒಂದು ಗಾಡಿ. ತೋಟದ ಒಬ್ಬರು ತಮ್ಮ ಪಿಕಪ್ ಕೊಡಲು ಒಪ್ಪಿದ್ದಾರೆ, ಡೀಸೆಲ್ ನಮ್ಮದು. ಇಷ್ಟು ದಿನ ಅರಣ್ಯ ಇಲಾಖೆಯವರ ಆನೆ ಮೆಸೇಜ್ ಬಂದಾಗಲೆಲ್ಲ ಟೀಚರ್ ಮಕ್ಕಳನ್ನು ಗುಂಪು ಮಾಡಿ ತಾವೇ ತಿರುವಿನವರೆಗೆ ನಡೆದುಕೊಂಡು ಬಿಡುತ್ತಿದ್ದರು. ನಮ್ಮ ಕಾಲದಲ್ಲೂ ಹಾಗೇ ಬಿಡುತ್ತಿದ್ದರು, ಆಗ ಮೆಸೇಜ್ ಇರಲಿಲ್ಲ ಅಷ್ಟೇ. ಆ ಕೆಲಸ ಮುಂದಿನವರ ತಲೆ ಮೇಲೆ ಬೀಳಬಾರದು.

ಮಲೆನಾಡ ಅತಿಥಿ:
ನೀವು ಹೀಗೆ ಯೋಚನೆ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎರಡನೇ ಜಾಗಕ್ಕೆ ನನ್ನ ಜೊತೆ ಓದಿದ ಒಬ್ಬರು ಹೆತ್ತೂರು ಕಡೆ ಇದ್ದಾರೆ, ಡಿ.ಎಡ್ ಆಗಿದೆ. ಬರಲು ಒಪ್ಪಿದ್ದಾರೆ. ನವೆಂಬರ್‌ನಲ್ಲೇ ಒಂದು ವಾರ ಸುಮ್ನೆ ಬಂದು ಟೀಚರ್ ಪಾಠ ಮಾಡುವುದನ್ನು ಕೂತು ನೋಡುತ್ತೇನೆ ಅಂದರು. ಟೀಚರ್‌ಗೆ ಹೇಳಿದೆ. ಅವತ್ತೇ ಕಾರ್ಡುಗಳ ಪೆಟ್ಟಿಗೆ ತೆಗೆದು ಹರಿದ ಕಾರ್ಡುಗಳಿಗೆ ರಟ್ಟು ಅಂಟಿಸಲು ಶುರು ಮಾಡಿದ್ದಾರೆ.

ಹೇಮಾವತಿ ದಂಡೆ:
ಇಲ್ಲಿಯವರೆಗೆ ಆಗಿದ್ದು ತಿಳಿಸುತ್ತೇನೆ.

ಸೇವಾ ಪುಸ್ತಕ ನೋಡಿಸಿ ಆಯಿತು. 2011ರ ಜನಗಣತಿ ಮಾಡಿದ್ದರ ರಜೆ ಸೇರಿರಲಿಲ್ಲ, ಆದೇಶದ ಪ್ರತಿ ಟೀಚರ್ ಟ್ರಂಕಿನಲ್ಲೇ ಇತ್ತು, ಅರ್ಜಿ ಜೊತೆ ಕೊಟ್ಟು ಬಂದೆವು. ಪಿಂಚಣಿ ಕಡತ ಕಳಿಸಿದ್ದಾರೆ. ಚಾರ್ಜ್ ಪಟ್ಟಿಯ ಕೆಲಸ ಊರಿನ ಮೂವರು ಹುಡುಗರು ಶುರು ಮಾಡಿದ್ದಾರೆ.

ಎಸ್‌ಡಿಎಂಸಿ ಠರಾವು ಆಗಿ ಅರ್ಜಿ ಬಿಇಒ ಕಚೇರಿಗೆ ಹೋಗಿದೆ. ಒಂದು ಪ್ರತಿ ಹಾಸನದ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರ) ಕಚೇರಿಗೂ ಕೊಟ್ಟೆವು. ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದೇವೆ. ಅತಿಥಿ ಶಿಕ್ಷಕರಿಗೆ ಒಪ್ಪಿಗೆ ಕೊಡುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿದ್ದಾರೆ. ಕಾಗದ ಕೈಗೆ ಬರುವವರೆಗೆ ವಾರಕ್ಕೊಮ್ಮೆ ಹೋಗುತ್ತೇವೆ. ಕಾಯಂ ಹುದ್ದೆಯ ಬೇಡಿಕೆ ಬೇರೆ ಅರ್ಜಿಯಲ್ಲಿದೆ, ಅದನ್ನು ಮುಂದಿನ ವರ್ಗಾವಣೆವರೆಗೂ ಬಿಡುವುದಿಲ್ಲ.

ನವೆಂಬರ್ 30 ಭಾನುವಾರ. ಹಾಗಾಗಿ ಕಾರ್ಯಕ್ರಮ 29ರ ಶನಿವಾರ. ಬೆಳಗಿನ ಶಾಲೆ ಎಂದಿನ ಹಾಗೆ ನಡೆಯುತ್ತದೆ, ಕೊನೆಯ ಪಾಠ ತಪ್ಪಿಸಬೇಡಿ ಅಂತ ಟೀಚರ್ ಕೇಳಿಕೊಂಡಿದ್ದಾರೆ. ಬಿಟ್ಟ ಮೇಲೆ ಅಂಗಳದಲ್ಲಿ ಮಡಿಲಕ್ಕಿ, ಆಮೇಲೆ ಶಾಲು ಪೇಟ, ಆಮೇಲೆ ಊಟ. ಭಾಷಣ ಮೂವರದು ಮಾತ್ರ. ಅದರಲ್ಲಿ ಒಂದು ಐದನೇ ಕ್ಲಾಸಿನ ಹುಡುಗಿಯದು.

ಬೆಂಗಳೂರಿನಿಂದ ರೈಲಿನಲ್ಲಿ ಬರುವವರು ಸಕಲೇಶಪುರ ಸ್ಟೇಷನ್‌ನಲ್ಲಿ ಇಳಿಯಿರಿ, ಪಿಕಪ್ ಕಳಿಸುತ್ತೇವೆ. ಎಷ್ಟು ಜನ ಅಂತ 20ನೇ ತಾರೀಖಿನ ಒಳಗೆ ತಿಳಿಸಿ, ಅಡುಗೆಯಕ್ಕನಿಗೆ ಅಕ್ಕಿ ಲೆಕ್ಕ ಹೇಳಬೇಕು. ಆಲೂರು ಅಜ್ಜಿಯನ್ನು ಕರೆತರಲು ನಾನೇ ಬರುತ್ತೇನೆ. ಕಾಯಂ ಹುದ್ದೆಯ ಅರ್ಜಿಗೆ ಇನ್ನೂ ಸಹಿ ಹಾಕದ ತಂದೆ ತಾಯಂದಿರು ಸಂಜೆ ಕುಯ್ಲು ಮುಗಿದ ಮೇಲೆ ಲೈನ್ ಹತ್ತಿರವೇ ಹಾಕಬಹುದು. ಸಹಿ ಪುಸ್ತಕ ಮೂರನೇ ಕ್ಲಾಸಿನ ಹುಡುಗಿಯ ತಾಯಿ ಹತ್ತಿರ ಇದೆ.